ಕಾಲು

ಕೌಲ್ ಬಜಾರಿನ ನಮ್ಮ ಶಾಲೆಯಲ್ಲಿ
ಐದನೇ ತರಗತಿಗೆ ಕಿಟಕಿ ಎರಡು.
ಒಂದರಲ್ಲಿ ಕೋಟೆಗುಡ್ಡದ ಬಂಡೆ,
ಇನ್ನೊಂದರಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳ
ಎಡೆಬಿಡದ ಗರಗರ.
ಸೋಮವಾರ, ಮೊದಲ ಪೀರಿಯಡ್ಡು, ಭಿನ್ನರಾಶಿ.
ಹಲಗೆಯ ಮೇಲೆ ರೊಟ್ಟಿ ಬರೆದೆ
(ಇಪ್ಪತ್ತೊಂದು ವರ್ಷದಿಂದ ಅದೇ ರೊಟ್ಟಿ,
ಯಾರೂ ತಿಂದಿಲ್ಲ, ಹಳಸಿಯೂ ಇಲ್ಲ)
ನಾಲ್ಕು ತುಂಡು ಮಾಡಿ ಒಂದಕ್ಕೆ ಸೀಮೆಸುಣ್ಣ ಬಳಿದೆ.
"ಇದು ಕಾಲು. ಎರಡು ಕಾಲು ಸೇರಿದರೆ ಎಷ್ಟು?"

ಹುಸೇನಬಿ ಎದ್ದಳು.
ಉಗುರಿನ ಸಂದಿಯಲ್ಲಿ ನೀಲಿ.
ಸಂಜೆ ಅಮ್ಮನ ಪಕ್ಕ ಕೂತು
ಪ್ಯಾಂಟುಗಳ ದಾರದ ತುದಿ ಕತ್ತರಿಸುವ ಬೆರಳು.
"ಎಲ್ಡು ಕಾಲು ಸೇರಿದ್ರೆ ಒಂದು, ಟೀಚರ್."
ತರಗತಿ ಗೊಳ್ಳೆಂದಿತು.
ನನ್ನ ಬಾಯೊಳಗೆ "ತಪ್ಪು" ಎಂಬ ಮಾತು
ಆಗಲೇ ಚಪ್ಪಲಿ ಮೆಟ್ಟಿಕೊಂಡು ಹೊರಟಿತ್ತು.

ಹೊಸ್ತಿಲಲ್ಲಿ ಅದನ್ನು ತಡೆದದ್ದು ಏನೋ.
ತರಬೇತಿಯಲ್ಲಿ ಹೇಳಿಕೊಟ್ಟಿದ್ದಿರಬಹುದು
(ಉಪ್ಪಿಟ್ಟು ಚೆನ್ನಾಗಿತ್ತು, ಉಳಿದದ್ದು ನೆನಪಿಲ್ಲ)
ಅಥವಾ ಸಿರುಗುಪ್ಪದ ಒಂದು ಮಧ್ಯಾಹ್ನ,
ಮುಕ್ಕಾಲರ ಮಗ್ಗಿ ತಪ್ಪಿದ್ದಕ್ಕೆ
ಬಾಗಿಲಾಚೆ ಒಂಟಿಗಾಲಲ್ಲಿ ನಿಂತ ಹುಡುಗಿ,
ಎರಡು ಜಡೆ, ಬಿಚ್ಚಿದ ರಿಬ್ಬನ್ನು,
ಯಾಕೆ ತಪ್ಪಿತೆಂದು ಯಾರೂ ಕೇಳದೆ ಬೆಳೆದು
ಗಣಿತದ ಟೀಚರೇ ಆಗಿಬಿಟ್ಟವಳು.

"ಹೆಂಗ ಬಂತು?" ಎಂದೆ.

"ಪ್ಯಾಂಟಿಗೆ ಎಲ್ಡೇ ಕಾಲು.
ಬಲಗಾಲು ಒಬ್ರು ಹೊಲೀತಾರ, ಎಡಗಾಲು ಇನ್ನೊಬ್ರು.
ಎಲ್ಡೂ ಕೂಡಿಸಿದ್ರೆ ಒಂದು ಪೀಸು.
ಬರೇ ಒಂದು ಕಾಲಿಗೆ ಯಾರೂ ದುಡ್ಡು ಕೊಡಲ್ಲ."

ಈಗ ಯಾರೂ ನಗಲಿಲ್ಲ.
ಹಿಂದಿನ ಬೆಂಚಿನಿಂದ ಒಂದು ಕೆಮ್ಮು.
ಜೂನ್ ತಿಂಗಳಿಂದ "ಪ್ರೆಜೆಂಟ್" ಬಿಟ್ಟು
ಬೇರೆ ಪದ ಆಡದ ಗಾದಿಲಿಂಗ, ನೆಲ ನೋಡುತ್ತಲೇ:
"ಮ್ಯಾಕಿಗೆ ನಾಕದಾವು.
ಎಲ್ಡು ಅಂದ್ರೆ ಅರ್ಧ ಮ್ಯಾಕಿ."
"ಓ" ಎಂದಿತು ತರಗತಿ.
"ಅದಕ್ಕೇನಾ ಕಾಲಿಗೆ ಕಾಲು ಅನ್ನೋದು?"
"ನಮ್ಮನ್ಯಾಗ ಪಾವ್" ಅಂದ ರಾಜಾವಲಿ,
"ಪಾವ್ ಕಿಲೋ ಮೈದಾ. ಪಾಂವ್ ಅಂದ್ರೂ ಕಾಲೇ!"
ತನ್ನದೇ ಕಾಲೆತ್ತಿ ತೋರಿಸಲು ಹೋಗಿ
ಬೆಂಚಿನಿಂದ ಬಿದ್ದ.

ಆ ಗದ್ದಲದಲ್ಲಿ ಸುಂಕಮ್ಮ ಜಾಗದಲ್ಲಿರಲಿಲ್ಲ.
ಬೆಳಕಿನ ಅಂಚಷ್ಟೇ ಕಾಣುವ ಕಣ್ಣು ಅವಳದು.
ನನ್ನ ರೊಟ್ಟಿ ಅವಳಿಗೆ ಎಂದೂ ಬಡಿಸಿಲ್ಲ ನಾನು.
ಬೆಂಚಿನ ಕೆಳಗೆ ತೂರಿ
ಒಂದೊಂದೇ ಕಾಲನ್ನು ಗೇಣು ಹಾಕಿ ಸವರುತ್ತಿದ್ದಳು.
ಕೆಳಗಿನಿಂದಲೇ ಬಂತು ದನಿ:
"ಇದಕ್ಕೂ ನಾಕೇ. ಆದ್ರೆ ಇದೊಂದು ಗಿಡ್ಡ.
ಸಮ ಇಲ್ಲ. ಇದು ಕಾಲಲ್ಲ, ಟೀಚರ್."

ತಿರುಗಿ ಹಲಗೆ ನೋಡಿದೆ.
ಅವಸರದಲ್ಲಿ ಕೊಯ್ದ ನನ್ನ ರೊಟ್ಟಿ.
ಒಂದು ತುಂಡು ಅಂಗೈಯಗಲ,
ಇನ್ನೊಂದು ಹೆಬ್ಬೆರಳಷ್ಟು.
ಇಪ್ಪತ್ತೊಂದು ವರ್ಷ
ನಾಲ್ಕನ್ನೂ ಕಾಲೆಂದೇ ಕರೆದಿದ್ದೆ.
ಅಳಿಸಿದೆ.

ಮರುದಿನ ಹುಸೇನಬಿ ತಂದದ್ದು ಚಿಂದಿಯ ಗಂಟು,
ಡೆನಿಮ್ಮಿನ ಚೂರು, ಗಡುಸು, ಎಣ್ಣೆ ವಾಸನೆ.
ಎಲ್ಲರೂ ಮಡಿಸಿದೆವು. ಮತ್ತೊಮ್ಮೆ ಮಡಿಸಿದೆವು.
ಅಂಚಿಗೆ ಅಂಚು ಕೂಡಿತೋ ಇಲ್ಲವೋ
ಹೇಳುವ ಕೆಲಸ ಸುಂಕಮ್ಮನ ಬೆರಳಿಗೆ.
ನನ್ನದನ್ನು ಎರಡು ಸಲ ವಾಪಸ್ಸು ಮಾಡಿದಳು.

ಶನಿವಾರ ಕಿರುಪರೀಕ್ಷೆ. ಅಚ್ಚಾಗಿ ಬಂದ ಪ್ರಶ್ನೆ:
ಎರಡು ಕಾಲು ಸೇರಿದರೆ ಎಷ್ಟು? ಅಂಕ ಒಂದು.
ಹುಸೇನಬಿ ಬರೆದಿದ್ದಾಳೆ, ಸಾಲು ತುಂಬ ಇಳಿಜಾರು:
"ಮೇಕೆಯಾದರೆ ಅರ್ಧ. ಪ್ಯಾಂಟಾದರೆ ಒಂದು.
ಯಾವುದರದು ಅಂತ ನೀವು ಬರೆದಿಲ್ಲ."

ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಆಚೆ ಕರೆಂಟು ಹೋಗಿರಬೇಕು,
ಮಿಷನ್ನೆಲ್ಲ ಒಮ್ಮೆಲೇ ನಿಂತು
ಕಿಟಕಿಯಲ್ಲಿ ಬಂಡೆ ಮಾತ್ರ ಉಳಿಯಿತು.
ಒಂದು ಅಂಕ ಸಾಲದು ಇದಕ್ಕೆ.
ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚಿಗೆ ಜಾಗವಿಲ್ಲ.