ಹದಿನೇಳನೆಯ ಹಲಗೆ

ಮೂರು ದಿನದ ಕೆಲಸವೆಂದು ಆಲ್ಪ್ಸ್ ತಪ್ಪಲಿನ ಆ ಹಳ್ಳಿಗೆ ಬಂದೆ,
ಲ್ಯೂಬ್ಲಿಯಾನಾದ ವಸ್ತುಸಂಗ್ರಹಾಲಯದ ಚೀಟಿ ಹಿಡಿದು.
ಜೇನುಮನೆಯ ಗೋಡೆ ತುಂಬ ಡ್ರಾಯರಿನಂಥ ಗೂಡುಗಳು,
ಒಂದೊಂದರ ಮುಖಕ್ಕೂ ಚಿತ್ರ ಬರೆದ ಹಲಗೆ:
ಬೇಟೆಗಾರನ ಶವ ಹೊತ್ತು ನಡೆದ ಕರಡಿಗಳು,
ಒಂದು ಪ್ಯಾಂಟಿಗಾಗಿ ಜುಟ್ಟು ಹಿಡಿದ ನಾಲ್ವರು ಹೆಂಗಸರು,
ಚಾಡಿಕೋರಳ ನಾಲಗೆಗೆ ಸಾಣೆ ಹಿಡಿಯುವ ಸೈತಾನ.

"ಜೇನಿಗೆ ತನ್ನ ಮನೆ ಗುರುತು ಸಿಗಲಿ ಅಂತ," ಎಂದ ಯೆರ್ನೆಯ್.
"ಜೇನಿನ ಯಜಮಾನನಿಗೆ," ಎಂದೆ.
ವಾದಕ್ಕೆ ಬರಲಿಲ್ಲ. ಕಾಫಿ ತಂದ.
ಸಕ್ಕರೆ ಕೇಳಿದ್ದಕ್ಕೆ ನೊಂದವನಂತೆ ನೋಡಿ
ಜೇನಿನ ಶೀಶೆ ಮುಂದಿಟ್ಟ.
ಬಟ್ಟಲು ಹಿಡಿದ ಕೈಯ ಕಿರುಬೆರಳು
ಮುರಿದು ಕೂಡಿದ ಕಡ್ಡಿಯಂತೆ ಹೊರಕ್ಕೆ ಬಾಗಿತ್ತು.
ಹುಟ್ಟಿನಿಂದಲೇ ಅಂತೆ. ಅಪ್ಪನಿಗೂ.

ಹದಿನೇಳನೆಯ ಹಲಗೆಯಲ್ಲಿ ಮದುಮಗಳು ಒಬ್ಬಳೇ.
ಪಕ್ಕಕ್ಕೊಂದು ದಟ್ಟ ಸೇಬಿನ ಮರ.
ಅವಳ ಕೈ ಚಾಚಿದೆ,
ಕಾಂಡಕ್ಕೆ ಉಂಗುರ ತೊಡಿಸುವವಳ ಹಾಗೆ.
"ಯಾರಿವಳು?"
"ರೊಜಾಲಿಯಾ ಅತ್ತೆಗೆ ಗೊತ್ತಿರಬೇಕು, ನಮ್ಮಜ್ಜನ ಅಕ್ಕ.
ಮದುವೆಯಾಗದೆ ತೊಂಬತ್ತೆಂಟು ಮುಟ್ಟಿದವಳು.
ಇದನ್ನು ಕೇಳಿದರೆ ಕಿವಿ ಕೇಳಿಸುವುದಿಲ್ಲ ಅವಳಿಗೆ.
ಊಟಕ್ಕೆ ಕರೆದರೆ ಕೇಳಿಸುತ್ತದೆ."

ಕಡ್ಡಿಗೆ ಹತ್ತಿ ಸುತ್ತಿ ನಾಲಗೆಗೆ ತಾಗಿಸಿ ಒರೆಸುತ್ತ ಹೋದೆ.
ಹೌದು, ಎಂಜಲೇ. ಅದರಷ್ಟು ಮೆದುವಾದ ಔಷಧಿ
ನಮ್ಮ ಕಸುಬಿನಲ್ಲಿ ಕಡಿಮೆ.
ಭೂತಗನ್ನಡಿಯಲ್ಲಿ ಎಲೆಗಳು ಒಂದೇ ಹಸಿರಲ್ಲ.
ಯೆರ್ನೆಯ್ ನನ್ನ ಭುಜದ ಪಕ್ಕ ಬಗ್ಗಿದ, ಮುಟ್ಟದಷ್ಟು ದೂರ,
ಹೊಗೆಯ ವಾಸನೆ ಬರುವಷ್ಟು ಹತ್ತಿರ.
"ಇದು ನಮ್ಮ ಕಿಟಕಿಬಾಗಿಲ ಬಣ್ಣ, ಅಪ್ಪ ಹುಟ್ಟಿದ ವರ್ಷದ್ದು.
ಇದು ಹಳೇ ಟ್ರ್ಯಾಕ್ಟರಿನದು.
ಇದು... ತಡಿ,
ಇದು ಎರಡನೇ ಕ್ಲಾಸಿನಲ್ಲಿ ಕಳೆದುಹೋದ ನನ್ನ ಬಣ್ಣದ ಡಬ್ಬಿ!"

ಆಮೇಲೆ ಇಬ್ಬರೂ ಮಾತಾಡಲಿಲ್ಲ.
ಒಂದು ಎಲೆ ಎದ್ದಿತು. ಕೆಳಗೆ ಅಂಗಿಯ ಗುಂಡಿ.
ಇನ್ನೊಂದು ಎದ್ದಿತು. ಕೆಳಗೆ ಕೈ,
ಉಂಗುರಕ್ಕೆ ಕಾದು ಬಿಡಿಸಿದ ಬೆರಳುಗಳು,
ಕಿರುಬೆರಳು ಹೊರಕ್ಕೆ ಬಾಗಿದ್ದು.

ಹಲಗೆಯನ್ನು ಅವಳ ಮಡಿಲಲ್ಲಿಟ್ಟೆವು.
ಈ ಸಲ ಕಿವಿ ಕೇಳಿಸಿತು.

"ಲೊವ್ರೊ. ಒಂಬತ್ತು ದಿನದ ಗಂಡ.
ಯುದ್ಧ ಮುಗಿದ ಮೇ ತಿಂಗಳು, ಮುಖ ಹುಡುಕಿಕೊಂಡು ಬರುತ್ತಿದ್ದರು.
ಫೋಟೋ ಒಲೆಗೆ ಹಾಕಿದೆ. ಇದಕ್ಕೆ ಕೈ ಬರಲಿಲ್ಲ,
ಮರದಲ್ಲಿ ಬಚ್ಚಿಟ್ಟೆ.
ಆಮೇಲೆ ಮರ ಅಂದ ಮೇಲೆ ವರ್ಷಕ್ಕೊಂದಾದರೂ ಎಲೆ ಬೇಡವೇ?"

ಆ ಸೀಮೆಯ ಮಾತಿನಲ್ಲಿ ದನ ಸಾಯುತ್ತದೆ, ನಾಯಿ ಸಾಯುತ್ತದೆ,
ಜೇನು ಮಾತ್ರ ಮನುಷ್ಯರಂತೆ ತೀರಿಕೊಳ್ಳುತ್ತದೆ.
"ಆ ಚಳಿಗಾಲ ಗೂಡುಗೂಡೇ ತೀರಿಕೊಂಡವು," ಎಂದಳು.
"ಜೇನಿಗೆ ಆಡಿದ್ದೇನೆ ಆ ಮಾತು.
ಅವನಿಗೆ ಇನ್ನೂ ಆಡಿಲ್ಲ."
ಹೇಳುತ್ತಲೇ ಯೆರ್ನೆಯ್‌ನ ಕಿರುಬೆರಳು ಹಿಡಿದು
ಬಾಗಿದ ಗಂಟನ್ನು ಸವರುತ್ತಿದ್ದಳು.
ಅತ್ತೆ ಎನ್ನಲು ಬಾಯಿ ತೆರೆದವನು
ಆ ಪದವನ್ನು ಅಲ್ಲೇ ನುಂಗಿದ.
ಬೇರೆ ಪದ ಇನ್ನೂ ಬಂದಿರಲಿಲ್ಲ.

ಮುಖದ ಮೇಲಿನ ಎಲೆಗಳನ್ನು ನಾನು ಒರೆಸಲಿಲ್ಲ.
ವರದಿಯಲ್ಲಿ ಬರೆದೆ:
ಮೇಲಿನ ಬಣ್ಣವೂ ಮೂಲವೇ, ಉಳಿಸಿಕೊಳ್ಳತಕ್ಕದ್ದು.

ಮೂರು ದಿನ ಕಳೆದು ಎಷ್ಟೋ ಆಗಿತ್ತು, ಆಗಲೇ ಹುರುಳಿಗೋಧಿ ಹೂ ಬಿಟ್ಟಿತ್ತು.
ಹಲಗೆ ಮರಳಿ ಗೂಡಿಗೆ ಹೋಗುವ ಬೆಳಿಗ್ಗೆ
ಮುದುಕಿ ಅಂಗಳದಲ್ಲಿ ನಿಂತ ನನ್ನ ಕಾರನ್ನೇ ನೋಡುತ್ತಿದ್ದಳು.
"ಅದು ಹಸಿರಲ್ಲವೇ?"
ಬಾಗಿಲ ಗೀರು ಮುಚ್ಚಲು ಒಂದು ಪುಟ್ಟ ಶೀಶೆ
ಡ್ಯಾಶ್‌ಬೋರ್ಡಿನಲ್ಲಿ ಯಾವಾಗಲೂ ಇರುತ್ತದೆ.
ತಂದುಕೊಟ್ಟೆ.
ಅವಳ ಕೈ ನಡುಗುತ್ತಿತ್ತು. ಮಣಿಕಟ್ಟನ್ನು ಯೆರ್ನೆಯ್ ಹಿಡಿದ,
ಹಲಗೆಯನ್ನು ನಾನು.