ಎರಡು ಚೀಲ

ತುಮಕೂರು–ಪಾವಗಡ, ಬೆಳಗಿನ ಐದೂಕಾಲರ ಬಸ್ಸು.
ಹೆಗಲಿಗೊಂದು ಚೀಲ: ಮಿಷನ್ನು, ಚಿಲ್ಲರೆ, ವೇಬಿಲ್ಲು.
ಹೊಟ್ಟೆಯ ಎಡಕ್ಕೆ ಇನ್ನೊಂದು.
ಅದಕ್ಕೆ ಟಿಕೆಟ್ಟಿಲ್ಲ, ಲಗೇಜೂ ಅಲ್ಲ.

ಮೊದಲು ರಕ್ತ ಕಂಡಾಗ ಮೂಲವ್ಯಾಧಿ ಅಂದುಕೊಂಡೆ.
ಕೂತು ಕೂತು ಕಾವು, ನೀರು ಕುಡಿ ಅಂದರು ಎಲ್ಲ.
ಕುಡಿದರೆ ಎಲ್ಲಿ ಇಳಿಯಲಿ?
ಕೊರಟಗೆರೆ ಸ್ಟ್ಯಾಂಡಿನ ಬಾಗಿಲಿಗೆ ಚಿಲಕವಿಲ್ಲ.
ಮೂಲಂಗಿ ರಸ ಕುಡಿದೆ, ಗುಬ್ಬಿ ಕಡೆಯ ನಾಟಿ ಪುಡಿ ನೆಕ್ಕಿದೆ,
ಏಳು ತಿಂಗಳು.
ಡ್ರೈವರ್ ಈರಕ್ಯಾತಣ್ಣ ಕನ್ನಡಿಯಲ್ಲೇ ನೋಡಿ ಅಂದ:
"ಸ್ಟಾಪಿಲ್ಲದ ಕಡೆಯೆಲ್ಲ ನಿಲ್ಲಿಸ್ತಿದೀಯ, ಸಣ್ಣೀರಮ್ಮ.
ತೋರಿಸ್ಕೊ."

ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವಳು.
ಬೆರಳು ಹಾಕಿ ನೋಡಿದಳು, ಎರಡೇ ನಿಮಿಷ.
ಏಳು ತಿಂಗಳಲ್ಲಿ ಯಾರೂ ಕೊಡದ ಎರಡು ನಿಮಿಷ.
ಯಾರೂ ಯಾಕೆ, ನಾನೇ ಕೊಡದ.
ಚೂರು ಕಿತ್ತು ಬೆಂಗಳೂರಿಗೆ ಕಳಿಸಿ, ಉತ್ತರ ಬಂದ ದಿನ
ಚೀಟಿಯ ಹಿಂದೆ ರೂಟು ಬರೆದಳು:
ಗಂಟಲು, ಜಠರ, ಸಣ್ಣ ಕರುಳು, ದೊಡ್ಡ ಕರುಳು.
ಕೊನೇ ಸ್ಟಾಪಿನಲ್ಲಿ ಪೆನ್ನು ಒತ್ತಿ ನಿಂತಳು.
"ಮೂಲ ಅಲ್ಲಮ್ಮ ಇದು."
ಮತ್ತೆ ಇದರ ಮೂಲ ಎಲ್ಲಿ, ಕೇಳಬೇಕಿತ್ತು.
ಬಾಯಿ ಬರಲಿಲ್ಲ.

ಇಪ್ಪತ್ತೆಂಟು ದಿನ ಕರೆಂಟು ಕೊಟ್ಟರು.
ಆಮೇಲೆ ಕುಯ್ದು ಆ ಸ್ಟಾಪು ಮುಚ್ಚಿ,
ಹೊಟ್ಟೆಯ ಮೇಲೆ ಹೊಸದು ತೆರೆದರು:
ಕೆಂಪಗೆ, ಒದ್ದೆಯಾಗಿ, ದಾಳಿಂಬೆ ಮೊಗ್ಗಿನ ಹಾಗೆ.
ಮುಟ್ಟಿದರೆ ನೋವಿಲ್ಲ. ನೋಡಿದರೆ ಇತ್ತು,
ಸುಮಾರು ದಿನ.

ಗುಳಿಗೆ ನುಂಗಿ ನುಂಗಿ ಬೆರಳ ಗೆರೆ ಅಳಿಸಿದವು.
ಡಿಪೋದ ಹಾಜರಿ ಮಿಷನ್ನು ನನ್ನ ಹೆಬ್ಬೆಟ್ಟು ಒಲ್ಲೆನೆಂದಿತು,
ಮೂರು ಸಲ.
ರಿಜಿಸ್ಟರು ತರಿಸಿ ಸಹಿ ಹಾಕಿದೆ, ಪೂರಾ ಹೆಸರು.
ಒಂದಕ್ಕೂ ಎರಡಕ್ಕೂ ವ್ಯತ್ಯಾಸ ಬೆರಳಿಗೆ ಮರೆತಿದೆ,
ಚಿಲ್ಲರೆ ಕಣ್ಣಲ್ಲೇ ಎಣಿಸುತ್ತೇನೆ.
ಒಮ್ಮೊಮ್ಮೆ ಬಸ್ಸು ತೂಕಡಿಸುವಾಗ
ಒಳಚೀಲ ಗುರ್ ಎನ್ನುತ್ತದೆ.
ಮುಂದಿನ ಸೀಟಿನ ಮಗು ನಗುತ್ತದೆ.
ನಾನೂ.

ಇವತ್ತು ಮಧುಗಿರಿ ಬೆಟ್ಟ ಕಾಣುವ ತಿರುವಿನೊಳಗೆ
ಒಬ್ಬಳು ಎರಡು ಸಲ ನಿಲ್ಲಿಸಿ ಅಂದಳು,
ಸೆರಗು ಹಿಂಡಿಕೊಂಡು.
ಪಕ್ಕ ಕೂತು ಕಿವಿಯಲ್ಲಿ ಕೇಳಿದೆ: ರಕ್ತ ಹೋಗ್ತದಾ?
"ಮೂಲ ಅಷ್ಟೇ ಅಕ್ಕ."
ಅವಳ ಸೊನ್ನೆ ರೂಪಾಯಿ ಟಿಕೆಟ್ಟು ಇಸಕೊಂಡು
ಹಿಂದೆ, ಬಾಕಿ ಬರೆಯುವ ಜಾಗದಲ್ಲಿ, ಬರೆದೆ:
ಮಂಗಳವಾರ, ರೂಮು ಹನ್ನೊಂದು.
ಓದು ಬಾರದವಳು. ತಿರುಗಿಸಿ ನೋಡಿ ಕೇಳಿದಳು,
"ಫ್ರೀ ಟಿಕೆಟ್ಟಿಗೆ ಏನಕ್ಕ ಬಾಕಿ?"
ಐತೆ, ಅಂದೆ.
ಇಳಿಯೋವಾಗ ಹೇಳ್ತೀನಿ.