ಚಕ್ಕುಬಂದಿ

ಪೂರ್ವಕ್ಕೆ ಪುಟ್ಟಬೈರಪ್ಪನವರ ಮನೆಗೋಡೆ,
ಪಶ್ಚಿಮಕ್ಕೆ ಕನ್ಸರ್ವೆನ್ಸಿ ಓಣಿ,
ಉತ್ತರಕ್ಕೆ ರಸ್ತೆ,
ದಕ್ಷಿಣಕ್ಕೆ ಈಗಿಲ್ಲದ ಒಂದು ಬಾವಿ.
ಇಷ್ಟರ ಮಧ್ಯದ ಹದಿನೆಂಟು ಇಪ್ಪತ್ತೇಳು ಅಡಿಯಲ್ಲಿ
ಮೂವರು ಹುಟ್ಟಿದೆವು ಅಂತ
ಪತ್ರದಲ್ಲಿ ಎಲ್ಲೂ ಬರೆದಿಲ್ಲ.

ಕಬ್ಬನ್‌ಪೇಟೆ, ಹದಿನಾಲ್ಕನೇ ಕ್ರಾಸು.
ನಡುಮನೆಯಲ್ಲಿ ಮಗ್ಗದ ಗುಂಡಿ,
ಗುಂಡಿಗೆ ಕಾಲಿಳಿಬಿಟ್ಟು ಕೂತ ಅಪ್ಪ.
ಅಪ್ಪಂದಿರಿಗೆ ಸೊಂಟದಿಂದ ಕೆಳಗೆ ನೆಲ ಇರುತ್ತದೆ
ಅಂದುಕೊಂಡಿದ್ದೆ, ಸುಮಾರು ದಿನ.

ದಾನಪತ್ರ ಆದದ್ದು ಒಂದು ಮಂಗಳವಾರ,
ಡಯಾಲಿಸಿಸ್ ಮುಗಿಸಿ ಬರುವ ದಾರಿಯಲ್ಲಿ, ಗಾಂಧಿನಗರದಲ್ಲಿ.
ಗಂಡನ ಮನೆ ಬಿಟ್ಟು ಬಂದು ಕಂಡಿಕೆ ಸುತ್ತಿದವಳು ನಾನು,
ಆಸ್ಪತ್ರೆಗೆ ಆಟೋ ಹಿಡಿದವಳು ನಾನು.
'ಪ್ರೀತಿ ವಿಸ್ವಾಸಪೂರ್ವಕವಾಗಿ' ಅಂತ ಹೊಡೆದಿದ್ದ ಟೈಪಿನವನು;
ಸಕಾರ ತಿದ್ದಿ, ಪಕ್ಕದಲ್ಲಿ ಅಪ್ಪನ ಕೈಲಿ
ಚಿಕ್ಕ ಸಹಿ ಹಾಕಿಸಿದರು.
ಹೆಬ್ಬೆರಳು ಮಾತ್ರ ಯಂತ್ರಕ್ಕೆ ಸಿಗಲಿಲ್ಲ.
ಅರವತ್ತು ವರ್ಷ ರೇಷ್ಮೆ ಎಳೆದೂ ಎಳೆದೂ
ಗೆರೆಯೇ ಉಳಿದಿರಲಿಲ್ಲ ಬೆರಳಲ್ಲಿ.
ಒದ್ದೆ ಕರವಸ್ತ್ರದಲ್ಲಿ ಒರೆಸಿ
ನಾಲ್ಕನೇ ಸಲ ಒತ್ತಿದ ಮೇಲೆ
ಅಪ್ಪ ಅಪ್ಪನೇ ಅಂತ ಒಪ್ಪಿತು ಸರ್ಕಾರ.

ತಿಥಿ ಮುಗಿದ ತಿಂಗಳಿಗೆ ರಾಜಲಿಂಗಣ್ಣ ದಾವೆ ಹಾಕಿದ.
ದಾನ ಕೊಡೋಕೆ ಅದು ಅಪ್ಪಂದಲ್ಲ, ಅಜ್ಜಂದು,
ಪಿತ್ರಾರ್ಜಿತ, ಅಂದ.
ಸ್ವಯಾರ್ಜಿತ, ಅಂದೆ ನಾನು.
ಅವನ ವಕೀಲರು ಅವನಿಗೆ, ನನ್ನವರು ನನಗೆ
ಒಂದೊಂದು ಪದ ಬಾಯಿಪಾಠ ಮಾಡಿಸಿದ್ದರು.

ಪಿತ್ರಾರ್ಜಿತ ಅಂತಾದರೆ ಶಾಕಾಂಬರಿ ಅಕ್ಕನಿಗೂ
ಗಂಡಿನಷ್ಟೇ ಸಮಪಾಲು.
ಇದು ಅಣ್ಣನ ತಲೆಗೆ ಹೊಳೆದದ್ದು
ದಾವೆ ಹಾಕಿ ಎಂಟು ತಿಂಗಳ ಮೇಲೆ.
ಅವತ್ತೇ ಸಂಜೆ ಚಾಮರಾಜಪೇಟೆಗೆ ಹೋದನಂತೆ,
ಒಂದು ಕೈಲಿ ಅರ್ಧ ಕಿಲೋ ಮೈಸೂರ್‌ಪಾಕು,
ಒಂದು ಕೈಲಿ ಹಕ್ಕು ಬಿಡುಗಡೆ ಪತ್ರ.
'ಅರಿಶಿನ ಕುಂಕುಮಕ್ಕೆ ಅಂತ ಐವತ್ತು ಸಾವಿರ ಇಟ್ಕೊಳೇ.'
ಅಕ್ಕ ಮೈಸೂರ್‌ಪಾಕು ಇಸಕೊಂಡಳು.
ಕನ್ನಡಕ ಎಲ್ಲಿಟ್ಟೆನೋ ಕಾಣೆ ಕಣೋ,
ಸಿಕ್ಕಿದ ಮೇಲೆ ಓದಿ ಹಾಕ್ತೀನಿ ಸಹಿ, ಅಂದಳು.
ಮೂರು ವರ್ಷವಾಯಿತು.

ಕೋರ್ಟ್ ಹಾಲ್ ನಲವತ್ತೊಂದು. ನನ್ನ ಪಾಟೀಸವಾಲು.
'ನಿಮ್ಮ ತಂದೆ ಯಾವ ಹಣದಿಂದ ಕೊಂಡರು ಈ ಮನೇನ?'
ಅಜ್ಜನ ನಾಲ್ಕು ಮಗ್ಗ ಮಾರಿದ ದುಡ್ಡು:
ಇದು ಅಣ್ಣನ ಕಡೆಯ ಉತ್ತರ.
ಅಪ್ಪ ನೇಯ್ದು ಕೂಡಿಟ್ಟದ್ದು: ಇದು ನನ್ನದು.

ಎಪ್ಪತ್ತೆರಡಕ್ಕೆ ಮುಂಚಿನ ಫೋಟೋಗಳಲ್ಲಿ
ಅಮ್ಮನ ಕೈಲಿ ಎರಡು ಜೊತೆ ಚಿನ್ನದ ಬಳೆ.
ಆಮೇಲಿನ ಫೋಟೋಗಳಲ್ಲಿ ಗಾಜು.
ಅವೆನ್ಯೂ ರೋಡಿನ ಸೇಟು ತೂಕ ಬರೆದುಕೊಟ್ಟ ಚೀಟಿ
ಅವಳ ಕುಂಕುಮದ ಡಬ್ಬಿಯ ತಳದಲ್ಲಿತ್ತು.
ಹನ್ನೊಂದನೇ ದಿನ ಮೂವರೂ ಓದಿ
ಮಡಿಸಿದ ಹಾಗೇ ಮತ್ತೆ ಮಡಿಸಿಟ್ಟಿದ್ದೆವು.

ತಲೆ ಎತ್ತಿದೆ.
ಆರು ವರ್ಷದಲ್ಲಿ ಮೊದಲ ಸಲ
ಅಣ್ಣ ನೆಟ್ಟಗೆ ನನ್ನ ಕಣ್ಣು ನೋಡಿದ,
ಚಿಕ್ಕಂದಿನಲ್ಲಿ ಪಿಂಗಾಣಿ ಒಡೆದಾಗ ನೋಡುತ್ತಿದ್ದನಲ್ಲ,
ಹಾಗೆ.

'ತಂದೆಯವರ ಸ್ವಂತ ದುಡಿಮೆ,' ಅಂದೆ.
ಅದನ್ನೇ ಹೊಡೆದುಕೊಂಡಳು ಬೆರಳಚ್ಚಿನ ಹುಡುಗಿ.

ಮೆಟ್ಟಿಲಿಳಿಯುವಾಗ ಹಿಂದೆ ಬಂದ.
ಉಬ್ಬಸ ಜಾಸ್ತಿಯಾಗಿದೆ ಅವನಿಗೆ.
'ಆ ಡಬ್ಬಿ ನಿನ್ನ ಹತ್ರಾನೇ ಇದೆ ತಾನೆ?'
ನಿನ್ನ ಹತ್ರ ಇದೆ ಅಂದುಕೊಂಡಿದ್ದೆ, ಅಂದೆ.

ಕೆಳಗೆ, ಕ್ಯಾಂಟೀನಿನ ಪಕ್ಕದ ಕಲ್ಲುಬೆಂಚಿನಲ್ಲಿ
ಶಾಕಾಂಬರಿ ಅಕ್ಕ ಒಬ್ಬಳೇ ಕೂತಿದ್ದಳು,
ಸೆರಗಿನ ತುದಿಯಲ್ಲಿ
ನಿಧಾನವಾಗಿ
ಕನ್ನಡಕ ಒರೆಸುತ್ತಾ.